ಹಣ ಹೂಡುವ ಮುನ್ನ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನನ್ನು ನೋಡಬೇಕು. ಕೊಂಬಿಗೆ ಬಳಿದ ಬಣ್ಣ, ಕೊರಳಿಗೆ ಕಟ್ಟಿದ ಗೆಜ್ಜೆ ಅವನ ಕಣ್ಣಿಗೆ ಬೀಳುತ್ತವೆಯೇ ಹೊರತು ಮನಸ್ಸಿಗೆ ಇಳಿಯುವುದಿಲ್ಲ. ಅವನು ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದನ್ನು ನಿಶ್ಚಯಿಸಿಕೊಳ್ಳುತ್ತಾನೆ. ಮೈಮೇಲಿನ ಸುಳಿ ನೋಡುತ್ತಾನೆ, ಗೊರಸು ತಟ್ಟುತ್ತಾನೆ, ಹತ್ತು ಹೆಜ್ಜೆ ನಡೆಸಿ ನೋಡುತ್ತಾನೆ. ಸುಳಿಯ ವಿಷಯದಲ್ಲಿ ನಂಬಿಕೆಯೇ ಹೆಚ್ಚು, ಪರೀಕ್ಷೆ ಕಡಮೆ. ಹಲ್ಲು ಮತ್ತು ನಡಿಗೆಗಳ ವಿಷಯ ಹಾಗಲ್ಲ. ಇಷ್ಟೆಲ್ಲ ಆದ ಮೇಲೆ ತಾನೆ ದಲ್ಲಾಳಿಯ ಟವಲಿನ ಕೆಳಗೆ ಕೈಯಿಟ್ಟು ಬೆರಳು ಹಿಡಿಯುವ ಮಾತು! ಇಡೀ ಜಾತ್ರೆ ಸುತ್ತಿ, ಸರಿಯಾದ ಜೋಡಿ ಸಿಗದೆ ಬರಿಗೈಯಲ್ಲಿ ಊರಿಗೆ ಹಿಂದಿರುಗುವುದೂ ಉಂಟು. ಹಾಗೆ ಹಿಂದಿರುಗಿದವನನ್ನು ಊರಿನಲ್ಲಿ ಯಾರೂ ದಡ್ಡನೆನ್ನುವುದಿಲ್ಲ.

ಹೂಡುವ ಹಣ ದೊಡ್ಡದಾದಷ್ಟೂ ಈ ಎಚ್ಚರವೂ ದೊಡ್ಡದಾಗಬೇಕು. ವಿಚಿತ್ರವೆಂದರೆ, ಎಷ್ಟೋ ಕಡೆ ಅದು ಕುಗ್ಗುತ್ತದೆ. ಒಂದು ಜೊತೆ ಎತ್ತಿಗೆ ಮೂರು ಜಾತ್ರೆ ಸುತ್ತುವ ಮನುಷ್ಯನೇ ಹಿಟ್ಟಿನ ಗಿರಣಿ ಹಾಕುವಾಗ, ಪಕ್ಕದ ಊರಿನವನು ಹಾಕಿ ಲಾಭ ಮಾಡಿದನೆಂಬ ಒಂದೇ ಮಾತನ್ನು ನಂಬಿ ಸಾಲಪತ್ರಕ್ಕೆ ರುಜು ಮಾಡುತ್ತಾನೆ. ಆ ಊರಿನಲ್ಲಿ ಧಾನ್ಯ ತರುವವರು ಎಷ್ಟು ಮಂದಿ, ತನ್ನ ಊರಿನಲ್ಲಿ ಎಷ್ಟು ಮಂದಿ ಎಂದು ಎಣಿಸುವುದಿಲ್ಲ. ಕಚ್ಚಾ ಸಾಮಗ್ರಿ ಎಲ್ಲಿದೆ, ಎಷ್ಟು ವರ್ಷಕ್ಕೆ ಸಾಲುತ್ತದೆ, ಅದನ್ನು ತರುವ ಖರ್ಚೇನು, ತಯಾರಾದ ಸರಕನ್ನು ಕೊಳ್ಳುವವರಾರು, ಯಾವ ಬೆಲೆಗೆ ಕೊಳ್ಳುತ್ತಾರೆ ಎಂಬ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡು, ಒಂದೊಂದಕ್ಕೂ ಸ್ಥಳಕ್ಕೆ ಹೋಗಿ ಉತ್ತರ ತರುವುದಕ್ಕೆ ಉದ್ಯಮಶೋಧನೆ ಎಂದು ಹೆಸರು. ಹೆಸರು ದೊಡ್ಡದು, ಕೆಲಸ ಮಾತ್ರ ಜಾತ್ರೆಯ ರೈತನದೇ. ಅದರಲ್ಲಿ ಅತ್ಯಂತ ಕಷ್ಟವಾದ ಭಾಗವೂ ಅವನದೇ: ನೋಡಿದ ಮೇಲೆ ‘ಬೇಡ’ ಎನ್ನುವುದು. ಭಾರತದಲ್ಲಿ ಉಕ್ಕಿನ ಮಹಾ ಕಾರ್ಖಾನೆಯೊಂದು ಹುಟ್ಟುವ ಮೊದಲು ಈ ‘ಬೇಡ’ ಎಂಬ ಮಾತು ಎಷ್ಟು ಬಾರಿ ಕೇಳಿಬಂತೆಂಬುದು ತಿಳಿಯತಕ್ಕ ಕಥೆ.

ಜಮ್ಶೆಟ್ಜಿ ನಸರ್ವಾನ್‌ಜಿ ಟಾಟಾ ಅವರು 1839ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದವರು. ಹತ್ತಿಯ ಗಿರಣಿಯೆಂದರೆ ಮುಂಬಯಿ ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಅವರು ತಮ್ಮ ಗಿರಣಿಗೆ ನಾಗಪುರವನ್ನು ಆರಿಸಿಕೊಂಡರು. ಹತ್ತಿ ಬೆಳೆಯುವ ಹೊಲಗಳು ಅಲ್ಲಿಗೆ ಹತ್ತಿರ, ವರೋರಾದ ಕಲ್ಲಿದ್ದಲು ಹತ್ತಿರ, ರೈಲುಮಾರ್ಗ ಹಾದುಹೋಗುತ್ತಿತ್ತು. ಕೊಂಡ ನೆಲ ಜೌಗು ಪ್ರದೇಶವಾಗಿದ್ದುದರಿಂದ ಅದನ್ನು ಮಣ್ಣು ತುಂಬಿಸಿ ಎತ್ತರಿಸಬೇಕಾಯಿತು. ಅಲ್ಲಿಯ ಸಾಹುಕಾರನೊಬ್ಬ, ಚಿನ್ನವನ್ನು ಮಣ್ಣುಪಾಲು ಮಾಡುವವರಿಗೆ ಸಾಲ ಕೊಡಲಾರೆನೆಂದನಂತೆ. ಮುಂದೆ, ಟಾಟಾ ಅವರು ಮಣ್ಣು ಹಾಕಿ ಚಿನ್ನ ತೆಗೆದರೆಂದು ತಾನೇ ಒಪ್ಪಿಕೊಂಡನಂತೆ. ಎಂಪ್ರೆಸ್ ಮಿಲ್ಸ್ ಎಂಬ ಆ ಗಿರಣಿ 1877ರ ಜನವರಿ 1ರಂದು ಆರಂಭವಾಯಿತು. ಸ್ಥಳದ ಆಯ್ಕೆಯಲ್ಲೇ ಲಾಭದ ಅರ್ಧ ಅಡಗಿದೆಯೆಂಬ ಪಾಠ ಅವರಿಗೆ ಅಲ್ಲಿ ಸಿಕ್ಕಿರಬೇಕು.

1882ರಲ್ಲಿ ಫಾನ್ ಶ್ವಾರ್ಟ್ಸ್ ಎಂಬ ಜರ್ಮನ್ ತಜ್ಞರು ಬರೆದ ವರದಿಯೊಂದು ಟಾಟಾ ಅವರ ಕೈಗೆ ಬಂತು. ನಾಗಪುರದಿಂದ ಬಹುದೂರವಲ್ಲದ ಚಾಂದಾ ಜಿಲ್ಲೆಯ ಲೋಹಾರಾ ಎಂಬಲ್ಲಿ ಒಳ್ಳೆಯ ಕಬ್ಬಿಣದ ಅದಿರು ಇದೆಯೆಂದು ಅದರಲ್ಲಿತ್ತು. ಊರಿನ ಹೆಸರಿನಲ್ಲೇ ಲೋಹವಿದೆ; ವರೋರಾದ ಕಲ್ಲಿದ್ದಲೂ ಅದೇ ಸೀಮೆಯದು. ಆತುರದ ಮನುಷ್ಯನಿಗೆ ಇಷ್ಟು ಸಾಕಾಗಿತ್ತು. ಟಾಟಾ ಅವರು ಹಾಗೆ ಮಾಡಲಿಲ್ಲ. ಅದಿರಿನಿಂದ ಕಬ್ಬಿಣ ತೆಗೆಯಲು ಊದುಕುಲುಮೆ ಬೇಕು. ಊದುಕುಲುಮೆಗೆ ಕೋಕು ಬೇಕು. ಗಾಳಿ ಸೋಕದಂತೆ ಕಾಯಿಸಿ ಗಟ್ಟಿಗೊಳಿಸಿದ ಕಲ್ಲಿದ್ದಲೇ ಕೋಕು. ಎಲ್ಲ ಕಲ್ಲಿದ್ದಲೂ ಕೋಕಾಗುವುದಿಲ್ಲ, ಕೆಲವು ಪುಡಿಯಾಗಿಬಿಡುತ್ತವೆ. ಆದುದರಿಂದ ಅವರು ಅದಿರಿನ ವೈಭವವನ್ನು ಬದಿಗಿಟ್ಟು ಮೊದಲು ಇದ್ದಲನ್ನು ಪರೀಕ್ಷೆ ಮಾಡಿಸಿದರು. ವರೋರಾದ ಇದ್ದಲು ಈ ಕೆಲಸಕ್ಕೆ ಒದಗುವುದಿಲ್ಲವೆಂದು ತಿಳಿಯಿತು. ಗಣಿಗಾರಿಕೆಗೆ ಆಗಿನ ಸರ್ಕಾರ ವಿಧಿಸಿದ್ದ ಕಟ್ಟುಪಾಡುಗಳೂ ಬಿಗಿಯಾಗಿದ್ದವು. ಅದು ಮೊದಲನೆಯ ‘ಬೇಡ’.

ಇಲ್ಲಿ ಗಮನಿಸಬೇಕಾದುದು ಪ್ರಶ್ನೆಗಳ ಅನುಕ್ರಮ. ಯಾವ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದು ಬಂದರೆ ಉಳಿದ ಪ್ರಶ್ನೆಗಳೆಲ್ಲ ವ್ಯರ್ಥವಾಗುತ್ತವೆಯೋ ಅದನ್ನು ಮೊದಲು ಕೇಳುವುದು ಜಾಣತನ. ಇದ್ದಲಿನ ಪರೀಕ್ಷೆಗೆ ತಗಲುವುದು ಕೆಲವು ಮೂಟೆ ಇದ್ದಲು, ಕೆಲವು ವಾರಗಳ ಕಾಲ. ಅದನ್ನು ಕೊನೆಗೆ ಇಟ್ಟುಕೊಂಡಿದ್ದರೆ ಅಷ್ಟರಲ್ಲಿ ಕುಲುಮೆಯೇ ಎದ್ದು ನಿಂತಿರುತ್ತಿತ್ತು. ಅಂಥ ಉದಾಹರಣೆ ದೇಶದಲ್ಲೇ ಇತ್ತು. 1830ರಲ್ಲಿ ಜೋಸಿಯಾ ಮಾರ್ಷಲ್ ಹೀತ್ ಎಂಬ ಆಂಗ್ಲರು ತಮಿಳು ಕರಾವಳಿಯ ಪೋರ್ಟೋ ನೋವೋದಲ್ಲಿ ಕಬ್ಬಿಣದ ಕಾರ್ಖಾನೆ ಆರಂಭಿಸಿದರು. ಅದಿರು ಉತ್ತಮವಾಗಿತ್ತು, ಹುಮ್ಮಸ್ಸಿಗೂ ಕೊರತೆಯಿರಲಿಲ್ಲ. ಆದರೆ ಕುಲುಮೆಗೆ ಬೇಕಾದ ಮರದ ಇದ್ದಿಲನ್ನು ವರ್ಷವರ್ಷವೂ ಒದಗಿಸುವುದು ಅದರ ದೊಡ್ಡ ಕಷ್ಟಗಳಲ್ಲಿ ಒಂದಾಯಿತು. ಆ ಉದ್ಯಮ ಕೊನೆಗೆ ಮುಚ್ಚಿಹೋಯಿತು.

ಟಾಟಾ ಅವರು ‘ಬೇಡ’ ಎಂದರೇ ವಿನಾ ಮರೆಯಲಿಲ್ಲ. ಹದಿನೇಳು ವರ್ಷ ಆ ವಿಷಯದ ಕಾಗದಪತ್ರಗಳನ್ನು ಕೂಡಿಡುತ್ತ ಹೋದರು. 1899ರಲ್ಲಿ ಗಣಿಗಾರಿಕೆಯ ನಿಯಮಗಳು ಸಡಿಲಗೊಂಡವು. ಅದೇ ಕಾಲಕ್ಕೆ, ಭಾರತದಲ್ಲಿ ಕಬ್ಬಿಣದ ಉದ್ಯಮ ಸಾಧ್ಯವೆಂದು ಮೇಜರ್ ಮಹಾನ್ ಎಂಬ ಅಧಿಕಾರಿಯ ವರದಿ ಹೇಳಿತು. ಆಗ ಅವರಿಗೆ ಅರವತ್ತು ವರ್ಷ. 1902ರಲ್ಲಿ ಅವರು ಅಮೆರಿಕಕ್ಕೆ ಹೋಗಿ, ಪಿಟ್ಸ್‌ಬರ್ಗಿನ ಕುಲುಮೆಗಳನ್ನು ಕಂಡು, ಜೂಲಿಯನ್ ಕೆನಡಿ ಎಂಬ ಎಂಜಿನಿಯರರನ್ನು ಭೇಟಿಮಾಡಿದರು. ಮೊದಲು ಸ್ಥಳದ ಸಮಗ್ರ ಪರಿಶೀಲನೆಯಾಗಬೇಕು, ಅದಕ್ಕೆ ಬಹಳ ಹಣ ಹಿಡಿಯುತ್ತದೆ, ಅದರಿಂದ ಫಲ ಸಿಗುತ್ತದೆಂಬ ಭರವಸೆಯೂ ಇಲ್ಲ ಎಂದು ಕೆನಡಿ ಎಚ್ಚರಿಸಿದರು. ಟಾಟಾ ಅವರು ಒಪ್ಪಿದರು. ನ್ಯೂಯಾರ್ಕಿನ ಚಾರ್ಲ್ಸ್ ಪೇಜ್ ಪೆರಿನ್ ಅವರಿಗೆ ಕೆಲಸ ವಹಿಸಲಾಯಿತು. ಪೆರಿನ್ ತಮ್ಮ ಪರವಾಗಿ ಸಿ. ಎಂ. ವೆಲ್ಡ್ ಎಂಬ ಭೂವಿಜ್ಞಾನಿಯನ್ನು ಭಾರತಕ್ಕೆ ಕಳುಹಿಸಿದರು.

ಸಾಮಾನ್ಯ ವ್ಯಾಪಾರಿ ತಿಳಿದ ಹಣದಿಂದ ತಿಳಿಯದ ಸರಕು ಕೊಳ್ಳಲು ಹಿಂಜರಿಯುವುದಿಲ್ಲ. ಆದರೆ ‘ತಿಳಿದುಕೊಳ್ಳುವುದಕ್ಕೆ’ ಎಂದು ಹಣ ಕೇಳಿದರೆ ಮುಖ ತಿರುಗಿಸುತ್ತಾನೆ. ಕಟ್ಟಡಕ್ಕೆ ಕೊಟ್ಟ ಹಣ ಕಣ್ಣಿಗೆ ಕಾಣುತ್ತದೆ, ಅರಿವಿಗೆ ಕೊಟ್ಟದ್ದು ಕಾಣುವುದಿಲ್ಲ. ಉತ್ತರ ಏನೇ ಬರಲಿ, ಉತ್ತರ ತಂದವನಿಗೆ ಕೂಲಿ ಸಲ್ಲಬೇಕೆಂದು ಒಪ್ಪಿಕೊಂಡದ್ದು ಟಾಟಾ ಅವರ ಹಿರಿಮೆ. ‘ಹೌದು’ ಎಂದರೆ ಮಾತ್ರ ಬಹುಮಾನವೆಂದಾದರೆ, ವರದಿಗಾರನ ಕಣ್ಣಿಗೆ ಕಲ್ಲೆಲ್ಲ ಕಬ್ಬಿಣವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಜಮ್ಶೆಟ್ಜಿಯವರ ಹಿರಿಯ ಮಗ ದೊರಾಬ್ಜಿ ಟಾಟಾ, ಬಂಧುವಾದ ಶಾಪುರ್ಜಿ ಸಕ್ಲಾತ್‌ವಾಲಾ ಮತ್ತು ವೆಲ್ಡ್, ಚಾಂದಾ ಜಿಲ್ಲೆಯ ಕಾಡಿನಲ್ಲಿ ಎತ್ತಿನ ಗಾಡಿಗಳಲ್ಲಿ ಅಲೆದರು. ಹುಲಿಗಳಿದ್ದ ಕಾಡು, ಉರಿಬಿಸಿಲಿನ ಸೀಮೆ. ಲೋಹಾರಾದ ಅದಿರು ಕೇಳಿದಂತೆಯೇ ಉತ್ಕೃಷ್ಟವಾಗಿತ್ತು. ಆದರೆ ಅದು ಅಲ್ಲೊಂದು ತುಣುಕು, ಇಲ್ಲೊಂದು ತುಣುಕಾಗಿ ಹರಡಿತ್ತು. ನೂರು ಭಾಗ ಅದಿರಿನಲ್ಲಿ ಅರುವತ್ತು ಭಾಗ ಕಬ್ಬಿಣವಿದೆಯೆಂದು ಇಟ್ಟುಕೊಂಡರೂ ಒಂದು ಟನ್ ಕಬ್ಬಿಣಕ್ಕೆ ಒಂದೂಮುಕ್ಕಾಲು ಟನ್ನಿನಷ್ಟು ಅದಿರು ಬೇಕು. ಅದನ್ನು ಕರಗಿಸುವ ಇದ್ದಲಿನ ತೂಕ ಬೇರೆ. ವರ್ಷಕ್ಕೆ ಲಕ್ಷಾಂತರ ಟನ್ ನುಂಗುವ ಕಾರ್ಖಾನೆಗೆ ತುಣುಕುಗಳು ಎಷ್ಟು ದಿನ ಸಾಲಬೇಕು? ವೆಲ್ಡ್ ‘ಬೇಡ’ ಎಂದರು. ತಂದೆ ಇಪ್ಪತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಸ್ಥಳವದು. ತಜ್ಞನ ಮಾತನ್ನು ತಳ್ಳಿಹಾಕಿ ಬೇರೊಬ್ಬ ತಜ್ಞನನ್ನು ಹುಡುಕುವ ದಾರಿ ದೊರಾಬ್ಜಿಯವರಿಗೆ ತೆರೆದಿತ್ತು. ಹಣವಂತರಿಗೆ ತಮ್ಮ ಇಷ್ಟದ ಉತ್ತರ ಕೊಡುವ ತಜ್ಞರು ಯಾವ ಕಾಲದಲ್ಲೂ ದೊರೆಯುತ್ತಾರೆ. ದೊರಾಬ್ಜಿ ಆ ದಾರಿ ಹಿಡಿಯಲಿಲ್ಲ. ಬದಲಾಗಿ, ಊರಿಗೆ ಹಿಂದಿರುಗಲು ಸಿದ್ಧರಾಗಿದ್ದ ವೆಲ್ಡ್ ಅವರನ್ನೇ ಉಳಿಸಿಕೊಂಡರು.

ಕೆಲಸ ಕೈಬಿಟ್ಟ ಸುದ್ದಿಯನ್ನು ಸರ್ಕಾರಕ್ಕೆ ತಿಳಿಸಲು ದೊರಾಬ್ಜಿ ನಾಗಪುರಕ್ಕೆ ಹೋದರು. ಕಾಣಬೇಕಾದ ಅಧಿಕಾರಿ ಆಗ ಕಚೇರಿಯಲ್ಲಿರಲಿಲ್ಲ. ಹೊತ್ತು ಕಳೆಯಲೆಂದು ಅವರು ಎದುರಿಗಿದ್ದ ವಸ್ತುಸಂಗ್ರಹಾಲಯವನ್ನು ಹೊಕ್ಕರು. ಅಲ್ಲಿ ಮಧ್ಯಪ್ರಾಂತದ ಭೂವಿಜ್ಞಾನ ನಕ್ಷೆಯೊಂದಿತ್ತು. ದುರ್ಗ್ ಜಿಲ್ಲೆಯ ಮೇಲೆ ಕಬ್ಬಿಣವನ್ನು ಸೂಚಿಸುವ ಗಾಢವಾದ ಬಣ್ಣ! ಇದನ್ನು ಅದೃಷ್ಟವೆಂದು ಹೇಳುವುದು ವಾಡಿಕೆ. ಆದರೆ ಆ ಬಣ್ಣ ಅಲ್ಲಿಗೆ ಅದೃಷ್ಟದಿಂದ ಬಂದದ್ದಲ್ಲ. ಭಾರತದ ಭೂವಿಜ್ಞಾನ ಇಲಾಖೆಯಲ್ಲಿದ್ದ ಪ್ರಮಥನಾಥ ಬೋಸ್ ಎಂಬ ವಂಗದೇಶದ ವಿಜ್ಞಾನಿ 1880ರ ದಶಕದಲ್ಲೇ ಆ ಸೀಮೆಯನ್ನು ತುಳಿದು, ಕಂಡುದನ್ನು ಬರೆದಿಟ್ಟಿದ್ದರು. ಯಾರೂ ಕೇಳದಿದ್ದಾಗ ಬರೆದಿಟ್ಟದ್ದು ಕೇಳುವವನು ಬಂದಾಗ ಒದಗಿತು.

ಮೂವರೂ ಧಲ್ಲಿ ಮತ್ತು ರಾಜ್‌ಹರಾ ಬೆಟ್ಟಗಳಿಗೆ ಹೋದರು. ಬೆಟ್ಟವೇ ಕಬ್ಬಿಣ, ಕಾಲಿಟ್ಟಲ್ಲಿ ಲೋಹದ ಸದ್ದು ಬರುತ್ತಿತ್ತೆಂದು ಹೇಳುತ್ತಾರೆ. ಅದಿರಿನಲ್ಲಿ ಕಬ್ಬಿಣದ ಅಂಶ ನೂರಕ್ಕೆ ಅರುವತ್ತೇಳರಷ್ಟು. ಲೋಹಾರಾದಲ್ಲಿ ಕೈಸುಟ್ಟುಕೊಂಡವರಿಗೆ ಇಂಥ ಬೆಟ್ಟ ಕಂಡಾಗ ಮನಸ್ಸು ಹೇಗೆ ಕುಣಿದಿರಬೇಕು! ಆದರೂ ಅದೇ ಹಳೆಯ ಪ್ರಶ್ನೆಪತ್ರ ಹೊರಬಂತು. ಅದಿರು: ಉಂಟು, ಬೇಕಾದಷ್ಟು. ಕೋಕಾಗುವ ಇದ್ದಲು: ಹತ್ತಿರದಲ್ಲಿಲ್ಲ. ವರ್ಷವಿಡೀ ಹರಿಯುವ ನೀರು: ಸಾಲದು. ಇದ್ದಲನ್ನು ಬಹುದೂರದಿಂದ ತರಿಸಿ, ತಯಾರಾದ ಉಕ್ಕನ್ನು ಮತ್ತೆ ಬಹುದೂರ ಕಳುಹಿಸಿದರೆ, ವಿದೇಶದಿಂದ ಹಡಗಿನಲ್ಲಿ ಬರುವ ಉಕ್ಕಿಗಿಂತ ಅದರ ಬೆಲೆ ಮೇಲಾಗುವ ಭಯವಿತ್ತು. ಎರಡನೆಯ ‘ಬೇಡ’ಕ್ಕಿಂತ ಈ ಮೂರನೆಯದು ಕಠಿನ. ಕೆಟ್ಟದ್ದನ್ನು ಬೇಡವೆನ್ನುವುದು ಸುಲಭ. ಕಣ್ಣು ಕುಕ್ಕುವ ಒಳ್ಳೆಯದನ್ನು, ಅದು ತನಗೆ ಒದಗದೆಂಬ ಕಾರಣದಿಂದ ಬೇಡವೆನ್ನುವುದು ಹಾಗಲ್ಲ. ಅವರು ಬೆಟ್ಟವನ್ನು ಬಿಟ್ಟುಬಂದರು.

ಈ ನಡುವೆ, 1904ರ ಮೇ 19ರಂದು, ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಜಮ್ಶೆಟ್ಜಿಯವರು ತೀರಿಕೊಂಡರು. ಕಾರ್ಖಾನೆಯ ಒಂದು ಇಟ್ಟಿಗೆಯನ್ನೂ ಅವರು ಕಾಣಲಿಲ್ಲ. ಆದರೆ ಅದೇ ವರ್ಷದ ಫೆಬ್ರವರಿ 24ರಂದು ಅವರ ಹೆಸರಿಗೆ ಒಂದು ಪತ್ರ ಬಂದಿತ್ತು. ಬರೆದವರು ಅದೇ ಪ್ರಮಥನಾಥ ಬೋಸ್. ತಮಗಿಂತ ಕಿರಿಯರಾದ ಆಂಗ್ಲರಿಗೆ ಮೇಲಿನ ಹುದ್ದೆ ಸಂದಾಗ ಅವರು 1903ರಲ್ಲಿ ಸರ್ಕಾರದ ಕೆಲಸ ಬಿಟ್ಟು, ಮಯೂರ್‌ಭಂಜ್ ಸಂಸ್ಥಾನದ ಭೂವಿಜ್ಞಾನಿಯಾಗಿದ್ದರು. ಅಲ್ಲಿಯ ಗೊರುಮಹಿಸಾನಿ ಬೆಟ್ಟದಲ್ಲಿ ಒಳ್ಳೆಯ ಅದಿರಿದೆಯೆಂದೂ, ಝರಿಯಾದ ಕಲ್ಲಿದ್ದಲು ಅಲ್ಲಿಗೆ ದೂರವಲ್ಲವೆಂದೂ ಆ ಪತ್ರ ತಿಳಿಸಿತ್ತು. ಪೆರಿನ್ ಮತ್ತು ವೆಲ್ಡ್ ಸ್ಥಳಕ್ಕೆ ಹೋಗಿ ನೋಡಿದರು. ಅದಿರಿನ ಸಾರ ರಾಜ್‌ಹರಾದಷ್ಟಿರಲಿಲ್ಲ. ಆದರೆ ಅದಿರು, ಇದ್ದಲು, ರೈಲು, ಕಲ್ಕತ್ತೆಯ ಬಂದರು ಇವೆಲ್ಲವನ್ನೂ ಒಂದೇ ಲೆಕ್ಕದಲ್ಲಿ ಕೂಡಿ ನೋಡಿದಾಗ ತೂಕ ಈ ಕಡೆಗೇ ವಾಲಿತು. ಅತ್ಯುತ್ತಮವಾದ ಅದಿರಿಗಿಂತ ಸಾಕಷ್ಟು ಉತ್ತಮವಾದ, ಕೈಗೆಟುಕುವ ಅದಿರು ಮೇಲೆಂದು ಅಂಕಿಗಳು ಹೇಳಿದವು. ಇನ್ನು ಉಳಿದದ್ದು ನೀರು. ಸುವರ್ಣರೇಖಾ ಮತ್ತು ಖರಕಾಯಿ ನದಿಗಳು ಕೂಡುವಲ್ಲಿ, ಕಾಳಿಮಾಟಿ ರೈಲುನಿಲ್ದಾಣದ ಸಮೀಪದಲ್ಲಿ, ಸಾಕ್ಚಿ ಎಂಬ ಹಳ್ಳಿ ಸಿಕ್ಕಿತು.

ಸರಕು ತಯಾರಿಸಲು ಬರುತ್ತದೆಂದು ಗೊತ್ತಾದರೆ ಅರ್ಧ ಕೆಲಸವಾಯಿತು, ಕೊಳ್ಳುವವರಾರು? ಆಗ ದೇಶದಲ್ಲಿ ಉಕ್ಕಿನ ದೊಡ್ಡ ಗಿರಾಕಿ ರೈಲ್ವೆ. ಭಾರತದಲ್ಲಿ ಒಳ್ಳೆಯ ಕಂಬಿ ತಯಾರಾದರೆ ಅದನ್ನು ತಾನೇ ತಿಂದುಬಿಡುವೆನೆಂದು ರೈಲ್ವೆಯ ಉನ್ನತಾಧಿಕಾರಿ ಸರ್ ಫ್ರೆಡೆರಿಕ್ ಅಪ್‌ಕಾಟ್ ಹಾಸ್ಯಮಾಡಿದರೆಂಬ ಮಾತು ಪ್ರಸಿದ್ಧವಾಗಿದೆ. ಹಾಸ್ಯಕ್ಕೆ ಶೋಧನೆ ಬೇಕಿಲ್ಲವಷ್ಟೆ. ಆದರೆ ಸರ್ಕಾರ, ಗುಣದಲ್ಲಿ ಸರಿಯೆನಿಸಿದರೆ ಹತ್ತು ವರ್ಷ, ವರ್ಷಕ್ಕೆ 20,000 ಟನ್ ಕಂಬಿಗಳನ್ನು ಕೊಳ್ಳುವುದಾಗಿ ಮಾತುಕೊಟ್ಟಿತು. ಹೀಗೆ ಕುಲುಮೆ ಏಳುವ ಮೊದಲೇ ಸರಕಿಗೆ ಒಬ್ಬ ಗಿರಾಕಿ ನಿಂತಂತಾಯಿತು.

ಬಂಡವಾಳಕ್ಕಾಗಿ ಮೊದಲು ಲಂಡನ್ನಿಗೆ ಹೋದರು. ಅಲ್ಲಿಯ ಹಣವಂತರು ಕೈ ಬಿಚ್ಚಲಿಲ್ಲ. 1907ರಲ್ಲಿ ಕಂಪೆನಿ ಸ್ಥಾಪಿಸಿ ಭಾರತದ ಜನರನ್ನೇ ಕೇಳಿದರು. ಸ್ವದೇಶಿ ಚಳವಳಿಯ ಕಾವಿದ್ದ ದಿನಗಳು. ಮೂರು ವಾರಗಳಲ್ಲಿ, ಸುಮಾರು 8,000 ಮಂದಿಯಿಂದ, 2 ಕೋಟಿ 32 ಲಕ್ಷ ರೂಪಾಯಿ ಕೂಡಿತು. ಆ ಜನ ದೇಶಪ್ರೇಮದಿಂದ ಕೊಟ್ಟರೆಂಬುದು ನಿಜ. ಆದರೆ ದೇಶಪ್ರೇಮದಿಂದ ಬಂದ ಹಣವೂ ಮುಳುಗಬಲ್ಲುದು. ಅದು ಮುಳುಗದಂತೆ ತಡೆದ ಕಾರಣಗಳಲ್ಲಿ ಲೋಹಾರಾ, ರಾಜ್‌ಹರಾಗಳಲ್ಲಿ ಹೇಳಿದ ‘ಬೇಡ’ಗಳೂ ಸೇರಿವೆ. 1912ರ ಫೆಬ್ರವರಿ 16ರಂದು ಸಾಕ್ಚಿಯಲ್ಲಿ ಉಕ್ಕಿನ ಮೊದಲ ಗಟ್ಟಿ ಹೊರಬಂತು. 1919ರಲ್ಲಿ ಊರಿಗೆ ಜಮ್ಶೆಡ್‌ಪುರವೆಂದು ಹೆಸರಾಯಿತು.

ಈ ಎಲ್ಲ ಲೆಕ್ಕಗಳಲ್ಲಿ ಒಂದು ಖಾಲಿ ಸ್ಥಳ ಉಳಿಯಿತು. ಅದಿರು, ಇದ್ದಲು, ನೀರು, ಸುಣ್ಣಕಲ್ಲು, ಸಾಗಣೆ ಇವಕ್ಕೆಲ್ಲ ಒಂದೊಂದು ಅಂಕಣವಿತ್ತು. ಆ ಬೆಟ್ಟಗಳ ಮತ್ತು ನದೀತೀರದ ಹಳ್ಳಿಗಳಲ್ಲಿ ಬಾಳುತ್ತಿದ್ದ ಸಂತಾಲರೇ ಮೊದಲಾದವರ ನೆಲ ಮತ್ತು ಬದುಕುಗಳಿಗೆ ಅಂಥ ಅಂಕಣವಿರಲಿಲ್ಲ. ಆ ಕಾಲದಲ್ಲಿ ಯಾರೂ ಅದನ್ನು ಕೇಳುತ್ತಿರಲಿಲ್ಲವೆಂಬುದು ನಿಜ. ಕೇಳದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲವೆಂಬುದೂ ಅಷ್ಟೇ ನಿಜ.

ಕೇಳಿದ ಪ್ರಶ್ನೆಗೂ ಉತ್ತರ ಎಂದೆಂದಿಗೂ ನಿಲ್ಲುವುದಿಲ್ಲ. ಕನ್ನಡನಾಡಿಗೆ ಇದು ಭದ್ರಾವತಿಯಲ್ಲಿ ಗೋಚರವಾಯಿತು. 1912ರಿಂದ 1918ರ ವರೆಗೆ ಮೈಸೂರಿನ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಕಬ್ಬಿಣದ ಕಾರ್ಖಾನೆಯ ಯೋಚನೆ ಕೈಗೊಂಡಾಗ ಸಲಹೆಗೆ ಕರೆದದ್ದು ಅದೇ ಪೆರಿನ್ ಅವರನ್ನು. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇತ್ತು, ಭದ್ರಾ ನದಿಯ ನೀರಿತ್ತು, ಕಲ್ಲಿದ್ದಲು ಮಾತ್ರ ಇರಲಿಲ್ಲ. ಮಲೆನಾಡಿನ ಕಾಡಿನ ಸೌದೆಯಿಂದ ಇದ್ದಿಲು ತಯಾರಿಸಿ ಆ ಕೊರತೆ ತುಂಬುವ ಏರ್ಪಾಡಾಯಿತು. 1923ರ ಜನವರಿಯಲ್ಲಿ ಕುಲುಮೆಯಿಂದ ಬೀಡು ಕಬ್ಬಿಣ ಹರಿಯಿತು. ಆದರೆ ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಮುಗಿದು, ಕಬ್ಬಿಣದ ಬೆಲೆ ಕುಸಿದಿತ್ತು. ಅದಿರನ್ನು ಅಳೆದಂತೆ ನಾಳೆಯ ಬೆಲೆಯನ್ನು ಅಳೆಯುವ ಉಪಕರಣ ಯಾವ ಭೂವಿಜ್ಞಾನಿಯ ಚೀಲದಲ್ಲೂ ಇರಲಿಲ್ಲ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಸರ್ಕಾರ ಮತ್ತೆ ಕರೆದು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಬೇಕಾಯಿತು. ಅವರು ಖರ್ಚಿನ ಪ್ರತಿಯೊಂದು ಬಾಬನ್ನೂ ಹೊಸದಾಗಿ ಪರಿಶೀಲಿಸತೊಡಗಿದರು.

ಇತ್ತ ದುರ್ಗ್ ಜಿಲ್ಲೆಯ ಆ ಬೆಟ್ಟಗಳು ಐವತ್ತು ವರ್ಷ ಹಾಗೆಯೇ ನಿಂತಿದ್ದವು. ಅಷ್ಟರಲ್ಲಿ ರೈಲುಮಾರ್ಗಗಳು ಬೆಳೆದವು. ತಾಂದುಲಾ ಜಲಾಶಯ ನೀರು ಕೂಡಿಟ್ಟಿತು. ದೇಶ ಸ್ವತಂತ್ರವಾಗಿ, ಉಕ್ಕಿನ ಬೇಡಿಕೆ ಬೇರೆಯೇ ಪ್ರಮಾಣಕ್ಕೆ ಏರಿತು. ಅದೇ ಹಳೆಯ ಪ್ರಶ್ನೆಗಳನ್ನು ಸೋವಿಯತ್ ಮತ್ತು ಭಾರತೀಯ ತಜ್ಞರು ಹೊಸದಾಗಿ ಕೇಳಿದರು. ಈ ಬಾರಿ ಉತ್ತರ ಬೇರೆಯಾಗಿತ್ತು. 1959ರ ಫೆಬ್ರವರಿ 4ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಭಿಲಾಯಿಯ ಮೊದಲ ಊದುಕುಲುಮೆಯನ್ನು ಉದ್ಘಾಟಿಸಿದರು. ಅದಕ್ಕೆ ಅದಿರು ಬಂದದ್ದು, ವೆಲ್ಡ್ ‘ಬೇಡ’ವೆಂದು ಬಿಟ್ಟುಬಂದಿದ್ದ ರಾಜ್‌ಹರಾ ಬೆಟ್ಟದಿಂದ.